ಎರಡು ಸಾವಿರ ರೂಪಾಯಿಯ ಗೆರೆ: ಬಾಡಿಗೆ ಕಾಯಿದೆ ಯಾರನ್ನು ಕಾಯುತ್ತದೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಿಮಗೆ ಗೊತ್ತಿದೆ. ಕಟ್ಟಲಾಗದವರು ಬಾಡಿಗೆಗೆ ಇದ್ದು ನೋಡುತ್ತಾರೆ. ಕಟ್ಟಿದವರು ಬಾಡಿಗೆಗೆ ಕೊಟ್ಟು ನೋಡುತ್ತಾರೆ. ಇಬ್ಬರ ಮನಸ್ಸಿನಲ್ಲೂ ಒಂದೊಂದು ನಂಬಿಕೆ ಬೇರೂರಿದೆ. "ಬಾಡಿಗೆ ಕಂಟ್ರೋಲ್ ಕಾಯಿದೆ ಇದೆಯಲ್ಲ, ಬಾಡಿಗೆ ಸರಿಯಾಗಿ ಕೊಡುವ ತನಕ ನನ್ನನ್ನು ಯಾರೂ ಎಬ್ಬಿಸಲಾರರು" ಎಂದು ಬಾಡಿಗೆದಾರ ನಂಬಿದ್ದಾನೆ. "ಮನೆ ನನ್ನದು, ಬೇಡವೆನಿಸಿದ ದಿನ ಬೀಗ ಹಾಕಿದರೆ ಕೇಳುವವರು ಯಾರು?" ಎಂದು ಮಾಲೀಕ ನಂಬಿದ್ದಾನೆ. ಈ ಎರಡು ನಂಬಿಕೆಗಳೂ ತಪ್ಪು. ಇವು ಏಕೆ ತಪ್ಪು ಎಂಬುದನ್ನು ತಿಳಿಯಬೇಕಾದರೆ ಕಾಯಿದೆಯೊಳಗಿರುವ ಒಂದು ಗೆರೆಯನ್ನು ಅರ್ಥ ಮಾಡಿಕೊಳ್ಳಬೇಕು. ಕಿರುತೆರೆಯ ಮಾತುಕತೆಯಲ್ಲಿ ಸಮಯ ಸಾಲದೆ ಬಿಟ್ಟುಹೋಗುವ ಲೆಕ್ಕ ಮತ್ತು ವಿವರಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಉದಾಹರಣೆಗೆ ಬೆಳ್ಳಾರೆಯನ್ನೇ ತೆಗೆದುಕೊಳ್ಳೋಣ. ಸುಳ್ಯ ತಾಲೂಕಿನ ಈ ಪೇಟೆ ಪುತ್ತೂರು, ಸುಳ್ಯಗಳ ನಡುವಿನ ಹಳ್ಳಿಗಳಿಗೆಲ್ಲ ಹತ್ತಿರದ ಊರು. 1837ರ ಅಮರ ಸುಳ್ಯ ದಂಗೆಯಲ್ಲಿ ಹೋರಾಟಗಾರರು ಕಂಪೆನಿ ಸರ್ಕಾರದ ಖಜಾನೆಯನ್ನು ವಶಪಡಿಸಿಕೊಂಡದ್ದು ಇಲ್ಲಿಯೇ. ಇಂದು ಇಲ್ಲಿ ಶಾಲೆಗಳಿವೆ, ಬ್ಯಾಂಕುಗಳಿವೆ, ಪಕ್ಕದ ಪೆರುವಾಜೆಯಲ್ಲಿ ಡಾ. ಕೆ. ಶಿವರಾಮ ಕಾರಂತರ ಹೆಸರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ವರ್ಗವಾಗಿ ಬರುವ ಮಾಸ್ತರರು, ಬ್ಯಾಂಕಿನವರು, ಓದಲು ಬರುವ ಮಕ್ಕಳು, ಪೇಟೆಯಲ್ಲಿ ಒಂದು ಕೋಣೆ ಹಿಡಿದು ಹೊಲಿಗೆಯದೋ ಮೊಬೈಲ್ ರಿಪೇರಿಯದೋ ಅಂಗಡಿ ಇಟ್ಟವರು, ಇವರೆಲ್ಲರೂ ಬಾಡಿಗೆದಾರರೇ. ಬೆಂಗಳೂರಿನ ಬಾಡಿಗೆಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಬೆಳ್ಳಾರೆಯಂಥ ಪೇಟೆಯ ಬಾಡಿಗೆದಾರರಿಗೆ ಕಾಯಿದೆ ಏನು ಕೊಡುತ್ತದೆ ಎಂದು ಕೇಳುವವರು ಕಡಿಮೆ.

ಕಾಯಿದೆ ಬಂದ ದಾರಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಗರಗಳಲ್ಲಿ ಮನೆಗಳಿಗೆ ಅಭಾವ ಉಂಟಾಯಿತು. ಅಭಾವವನ್ನು ನೋಡಿ ಮಾಲೀಕರು ಬಾಡಿಗೆಯನ್ನು ಮನಬಂದಂತೆ ಏರಿಸಬಾರದು, ಕಾರಣವಿಲ್ಲದೆ ಸಂಸಾರವನ್ನು ಬೀದಿಗೆ ತಳ್ಳಬಾರದು ಎಂದು ಪ್ರಾಂತ್ಯ ಪ್ರಾಂತ್ಯಗಳಲ್ಲಿ ಬಾಡಿಗೆ ನಿಯಂತ್ರಣ ಕಾನೂನುಗಳು ಬಂದವು. ನಮ್ಮ ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು; ಅಲ್ಲಿ 1949ರ ಕಟ್ಟಡಗಳ ಬಾಡಿಗೆ ನಿಯಂತ್ರಣ ಕಾಯಿದೆ ಇತ್ತು. 1956ರಲ್ಲಿ ರಾಜ್ಯ ಒಂದಾದ ಮೇಲೆ, 1961ರಲ್ಲಿ ಇಡೀ ರಾಜ್ಯಕ್ಕೆ ಸೇರಿ ಒಂದು ಬಾಡಿಗೆ ನಿಯಂತ್ರಣ ಕಾಯಿದೆಯಾಯಿತು. ಹಿರಿಯರ ಬಾಯಲ್ಲಿ ಈಗಲೂ ಇರುವ "ರೆಂಟ್ ಕಂಟ್ರೋಲ್" ಎಂದರೆ ಇದೇ.

ಈ ಕಾಯಿದೆ ಈಗ ಇಲ್ಲ ಎಂಬುದನ್ನು ಮೊದಲು ಗಮನಿಸಿ. ಅದರ ಜಾಗಕ್ಕೆ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬಂತು. ಹೆಸರಿನಲ್ಲಿ 1999 ಎಂದಿದ್ದರೂ ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಹಳೆಯ ಹೆಸರಿನಲ್ಲಿದ್ದ "ನಿಯಂತ್ರಣ" ಎಂಬ ಪದ ಹೊಸ ಹೆಸರಿನಲ್ಲಿ ಇಲ್ಲ. ಪದ ಬಿಟ್ಟುಹೋದದ್ದು ಆಕಸ್ಮಿಕವಲ್ಲ. ಕಾಯಿದೆಯ ರಕ್ಷಣೆ ಯಾರಿಗೆ ಸಲ್ಲುವುದಿಲ್ಲ ಎಂಬ ಪಟ್ಟಿ ಎರಡನೆಯ ಪ್ರಕರಣದಲ್ಲಿಯೇ ಇದೆ. ಉಳಿದ ಪ್ರಕರಣಗಳನ್ನು ಓದುವ ಮೊದಲು ಈ ಪಟ್ಟಿಯನ್ನು ಓದಬೇಕು.

ಗೆರೆ ಎಲ್ಲಿದೆ?

ಆ ಪಟ್ಟಿಯಲ್ಲಿ ನಮಗೆ ಮುಖ್ಯವಾದವು ನಾಲ್ಕು.

ಮೊದಲನೆಯದು ಬಾಡಿಗೆಯ ಮೊತ್ತ. ಕಾಯಿದೆಯ ಮೊದಲ ಅನುಸೂಚಿಯ "ಎ" ಭಾಗದಲ್ಲಿ ಹೆಸರಿಸಿದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಪ್ರದೇಶಗಳಲ್ಲಿ 2,000 ರೂಪಾಯಿ. ಬಾಡಿಗೆ ಇದನ್ನು ಮೀರಿದರೆ ಆ ಕಟ್ಟಡಕ್ಕೆ ಕಾಯಿದೆ ಅನ್ವಯಿಸುವುದಿಲ್ಲ.

ಎರಡನೆಯದು ಕಟ್ಟಡದ ವಯಸ್ಸು. ಹೊಸದಾಗಿ ಕಟ್ಟಿದ ಅಥವಾ ಹೆಚ್ಚಿನ ಮಟ್ಟಿಗೆ ನವೀಕರಿಸಿದ ಕಟ್ಟಡಕ್ಕೆ ಕೆಲಸ ಮುಗಿದ ದಿನದಿಂದ 15 ವರ್ಷಗಳ ವಿನಾಯಿತಿ ಇದೆ. 2015ರಲ್ಲಿ ಕಟ್ಟಿ ಮುಗಿಸಿದ ಮನೆ 2030ರ ತನಕ ಕಾಯಿದೆಯ ಹೊರಗೇ ಇರುತ್ತದೆ, ಬಾಡಿಗೆ ಎಷ್ಟೇ ಇರಲಿ.

ಮೂರನೆಯದು ಅಂಗಡಿಯ ಅಳತೆ. ವಾಸಕ್ಕಲ್ಲದ ಕಟ್ಟಡಗಳು ಸಾಮಾನ್ಯವಾಗಿ ಹೊರಗೆ. ಆದರೆ ವ್ಯಾಪಾರಕ್ಕೆ ಬಳಸುವ, ತಳಪಾಯದ ಅಳತೆ 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳು ಒಳಗೆ. ಇದು ಅಡಿ ಲೆಕ್ಕದಲ್ಲಿ ಎಷ್ಟಾಯಿತು? ಗೋಡೆಯೂ ಸೇರಿ 10 ಅಡಿ ಅಗಲ 15 ಅಡಿ ಉದ್ದದ ಕೋಣೆ 13.94 ಚದರ ಮೀಟರ್ ಆಗುತ್ತದೆ. ಉದ್ದ ಒಂದೇ ಅಡಿ ಹೆಚ್ಚಾಗಿ 16 ಆದರೆ 14.86. ಮೊದಲನೆಯದು ಗೆರೆಯ ಒಳಗೆ, ಎರಡನೆಯದು ಹೊರಗೆ.

ನಾಲ್ಕನೆಯದು ಮಾಲೀಕ ಯಾರು ಎಂಬುದು. ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳ ಕಟ್ಟಡಗಳು ಈ ಕಾಯಿದೆಗೆ ಬರುವುದಿಲ್ಲ. ಪಂಚಾಯತಿನ ಕಟ್ಟಡದಲ್ಲಿ ಕೋಣೆ ಹಿಡಿದವರು ಏಲಂ ಮತ್ತು ಕರಾರಿನ ಷರತ್ತುಗಳಿಗೆ ಒಳಪಟ್ಟವರು.

ಇನ್ನೊಂದು ಮಾತು. ಕಾಯಿದೆಯ ರಕ್ಷಣೆಯ ಭಾಗಗಳು ಅನುಸೂಚಿಯಲ್ಲಿ ಹೇಳಿದ ಪ್ರದೇಶಗಳಿಗೆ ಮಾತ್ರ ಸಲ್ಲುತ್ತವೆ. ಬೆಳ್ಳಾರೆಯಂಥ ಗ್ರಾಮ ಪಂಚಾಯತಿನ ಪೇಟೆಯವರು ವಕೀಲರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ನಮ್ಮ ಜಾಗ ಅನುಸೂಚಿಯ ಒಳಗೆ ಬರುತ್ತದೆಯೇ?" ಎಂಬುದೇ. ಬರುತ್ತದೆ ಎಂದೇ ಇಟ್ಟುಕೊಂಡರೂ 2,000 ರೂಪಾಯಿಯ ಗೆರೆ ಮುಂದೆ ಇದ್ದೇ ಇದೆ.

ಎರಡು ಲಕ್ಷದ ನಲವತ್ತು ಸಾವಿರದ ಮನೆ

"2,000ಕ್ಕಿಂತ ಕಡಿಮೆ ಬಾಡಿಗೆಯ ಮನೆಗಳೂ ಹಳ್ಳಿ ಕಡೆ ಇವೆಯಲ್ಲ" ಎಂದು ನೀವು ಹೇಳಬಹುದು. ಇವೆ. ಆದರೆ ಕಾಯಿದೆ ನೋಡುವುದು ನೀವು ತಿಂಗಳ ಮೊದಲ ವಾರ ಕೈಗೆ ಕೊಡುವ ಹಣವನ್ನಷ್ಟೇ ಅಲ್ಲ. ಹಳೆಯ ಬಾಡಿಗೆಯಾದರೆ ಕಾಯಿದೆ ಹೇಳಿದ ರೀತಿಯಲ್ಲಿ ಲೆಕ್ಕಹಾಕಿದ ಬಾಡಿಗೆ, ಇಲ್ಲವೇ "ಪ್ರಮಾಣಿತ ಬಾಡಿಗೆ", ಇವುಗಳನ್ನು ನೋಡುತ್ತದೆ. ಪ್ರಮಾಣಿತ ಬಾಡಿಗೆಯ ಸೂತ್ರ ಸರಳ. ಕಟ್ಟಲು ತಗಲಿದ ಖರ್ಚು, ಕಟ್ಟಲು ಆರಂಭಿಸಿದಾಗ ಜಾಗಕ್ಕಿದ್ದ ಮಾರುಕಟ್ಟೆ ಬೆಲೆ, ಇವೆರಡನ್ನೂ ಕೂಡಿಸಿ, ಅದರ ನೂರಕ್ಕೆ ಹತ್ತು ಪಾಲು ಒಂದು ವರ್ಷದ ಬಾಡಿಗೆ.

ಈಗ ಪೆನ್ಸಿಲು ಹಿಡಿಯಿರಿ. ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000. ಅದು ನೂರಕ್ಕೆ ಹತ್ತಾದರೆ ಮೂಲ ಮೊತ್ತ 2,40,000 ರೂಪಾಯಿ. ಅಂದರೆ ಜಾಗ ಮತ್ತು ಕಟ್ಟಡ ಸೇರಿ 2 ಲಕ್ಷದ 40 ಸಾವಿರಕ್ಕಿಂತ ಹೆಚ್ಚು ಬಿದ್ದ ಮನೆಯ ಪ್ರಮಾಣಿತ ಬಾಡಿಗೆ ಗೆರೆಯನ್ನು ದಾಟುತ್ತದೆ. ದೊಡ್ಡ ಊರುಗಳ 3,500ರ ಗೆರೆಗೆ ಇದೇ ಲೆಕ್ಕ ಹಾಕಿದರೆ 4 ಲಕ್ಷದ 20 ಸಾವಿರ. ಇಂದು ಮುರಕಲ್ಲು, ಸಿಮೆಂಟು, ಮರಳು, ಮೇಸ್ತ್ರಿಯ ಸಂಬಳ ಇವನ್ನು ಕಂಡವರು ಯಾರಾದರೂ ಹೇಳಲಿ, ಆ ಹಣದಲ್ಲಿ ಜಾಗವೂ ಸೇರಿ ಒಂದು ಸಂಸಾರ ಇರುವಂಥ ಮನೆ ಏಳುತ್ತದೆಯೇ? 15 ವರ್ಷದ ವಿನಾಯಿತಿ ಮುಗಿದ ಮೇಲೆ ಮನೆ ಕಾಯಿದೆಯ ಒಳಗೆ ಬರಬೇಕಿತ್ತು. ಆದರೆ ಆಗ ಮೊತ್ತದ ಗೆರೆ ಅದನ್ನು ಹೊರಗೇ ನಿಲ್ಲಿಸುತ್ತದೆ.

ರೂಪಾಯಿಯಲ್ಲಿ ಬರೆದ ಗೆರೆಯ ದೋಷ ಇದೇ. 2001ರಲ್ಲಿ 2,000 ರೂಪಾಯಿ ಎಂದರೆ ಸಣ್ಣ ಊರಿನಲ್ಲಿ ಒಳ್ಳೆಯ ಬಾಡಿಗೆ. ಗೆರೆ ಇದ್ದಲ್ಲಿಯೇ ಇದೆ, ಬೆಲೆಗಳು ಅದನ್ನು ದಾಟಿ ಎಷ್ಟೋ ದೂರ ಹೋಗಿವೆ. ಶಾಸನಸಭೆ ಒಂದು ಅಕ್ಷರವನ್ನೂ ತಿದ್ದದೆ, ವರ್ಷ ವರ್ಷವೂ ಒಂದಷ್ಟು ಬಾಡಿಗೆದಾರರು ಸದ್ದಿಲ್ಲದೆ ರಕ್ಷಣೆಯ ಹೊರಗೆ ಹೋಗುತ್ತಾರೆ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಕಂಡಿವೆ. ತಮಿಳುನಾಡಿನಲ್ಲಿ 400 ರೂಪಾಯಿ ಮೀರಿದ ವಾಸದ ಮನೆಗಳಿಗೆ ರಕ್ಷಣೆ ಇರಲಿಲ್ಲ, ಅಂಗಡಿಗಳಿಗೆ ಅಂಥ ಮಿತಿಯೇ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯ 1986ರಲ್ಲಿ, ರತನ್ ಆರ್ಯ ಪ್ರಕರಣದಲ್ಲಿ, ಈ ಮಿತಿಯನ್ನು ರದ್ದುಪಡಿಸಿತು. ನಮ್ಮ 1961ರ ಕಾಯಿದೆಯಲ್ಲಿ ವಿಷಯ ತಿರುಗುಮುರುಗಾಗಿತ್ತು; ಅಲ್ಲಿ 500 ರೂಪಾಯಿ ಮೀರಿದ ಅಂಗಡಿ, ಕಚೇರಿಗಳಿಗೆ ರಕ್ಷಣೆ ಇರಲಿಲ್ಲ. ಅದೇ ವರ್ಷ ಪದ್ಮನಾಭ ರಾವ್ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ಮಿತಿಯನ್ನು ತೆಗೆದುಹಾಕಿತು. ಮುಂದೆ ದಿಲ್ಲಿಯ ಕಾಯಿದೆಗೆ 3,500 ರೂಪಾಯಿಯ ಮಿತಿ ಬಂದಾಗ 1995ರಲ್ಲಿ ಡಿ. ಸಿ. ಭಾಟಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಯಾರಿಗೆ ಎಷ್ಟು ರಕ್ಷಣೆ ಎಂದು ತೀರ್ಮಾನಿಸುವುದು ಶಾಸನಸಭೆಯ ಕೆಲಸ ಎಂಬುದು ಅದರ ಸಾರ. ಕೆಲವೇ ವರ್ಷಗಳಲ್ಲಿ ನಮ್ಮ ರಾಜ್ಯದ ಕಾಯಿದೆಯಲ್ಲೂ ಅದೇ 3,500ರ ಅಂಕಿ ಕಾಣಿಸಿಕೊಂಡಿತು.

ಗೆರೆಯ ಈಚೆ, ಗೆರೆಯ ಆಚೆ

ಗೆರೆಯಿಂದ ಬಾಳಿನಲ್ಲಿ ಆಗುವ ವ್ಯತ್ಯಾಸವೇನು? ಅಕ್ಕಪಕ್ಕದ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಎರಡೂ ಅನುಸೂಚಿಯೊಳಗಿನ ಒಂದು ಸಣ್ಣ ಪಟ್ಟಣದಲ್ಲಿವೆ. ಕಾಯಿದೆಯ ಲೆಕ್ಕದಲ್ಲಿ ಒಂದರ ಬಾಡಿಗೆ 1,950, ಇನ್ನೊಂದರದು 2,050. ಎರಡೂ ಮನೆಗಳಲ್ಲಿ ಬಾಡಿಗೆ ಚೀಟಿ ಗಂಡನ ಹೆಸರಿನಲ್ಲಿದೆ. ದುರ್ದೈವದಿಂದ ಇಬ್ಬರೂ ತೀರಿಕೊಂಡರು.

1,950ರ ಮನೆಯಲ್ಲಿರುವ ಹೆಂಗಸಿಗೆ ಕಾಯಿದೆಯ ಐದನೆಯ ಪ್ರಕರಣದ ಆಸರೆ ಇದೆ. ಬಾಡಿಗೆದಾರ ಸತ್ತ ದಿನದಿಂದ ಐದು ವರ್ಷಗಳವರೆಗೆ ಬಾಡಿಗೆಯ ಹಕ್ಕು ಅವನೊಡನೆ ವಾಸವಿದ್ದು ಅವನನ್ನು ಅವಲಂಬಿಸಿದ್ದ ಹೆಂಡತಿಗೆ, ಅವಳಿಲ್ಲದಿದ್ದರೆ ಮಕ್ಕಳಿಗೆ, ಅನಂತರ ತಂದೆತಾಯಿಗೆ, ಅವರೂ ಇಲ್ಲದಿದ್ದರೆ ವಿಧವೆ ಸೊಸೆಗೆ ಸಿಗುತ್ತದೆ. ಅವಳನ್ನು ಬಿಡಿಸಬೇಕಾದರೆ 27ನೆಯ ಪ್ರಕರಣದ ಕಾರಣಗಳಲ್ಲಿ ಒಂದನ್ನು ಮಾಲೀಕ ನ್ಯಾಯಾಲಯದಲ್ಲಿ ಸ್ಥಾಪಿಸಬೇಕು: ಬಾಡಿಗೆ ಬಾಕಿ, ಒಳಬಾಡಿಗೆ, ಬೇರೆ ಉದ್ದೇಶಕ್ಕೆ ಬಳಕೆ, ಮಾಲೀಕನ ನಿಜವಾದ ಸ್ವಂತ ಅಗತ್ಯ ಮುಂತಾದವು. ಬಾಕಿಯಾದರೂ ಬೇಡಿಕೆಯ ನೋಟೀಸು ತಲಪಿದ ಎರಡು ತಿಂಗಳೊಳಗೆ ಕಟ್ಟಲು ಅವಕಾಶವಿದೆ.

2,050ರ ಮನೆಯಲ್ಲಿರುವವಳಿಗೆ ಇದು ಯಾವುದೂ ಇಲ್ಲ. ಅವಳಿಗಿರುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ 106ನೆಯ ಪ್ರಕರಣದ ಪ್ರಕಾರ, ಬೇರೆ ಕರಾರಿಲ್ಲದ ಮನೆ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದು. 15 ದಿನಗಳ ಲಿಖಿತ ನೋಟೀಸು ಕೊಟ್ಟು ಅದನ್ನು ಮುಗಿಸಬಹುದು. ಕಾರಣ ಹೇಳಬೇಕಾಗಿಲ್ಲ. ಒಂದು ಕಡೆ ಐದು ವರ್ಷ, ಇನ್ನೊಂದು ಕಡೆ ಹದಿನೈದು ದಿನ. ನಡುವೆ ನೂರು ರೂಪಾಯಿ.

ಮಾಲೀಕರ ಮಾತನ್ನೂ ಕೇಳಬೇಕು. ಬಾಡಿಗೆಗೆ ಕೊಟ್ಟವರೆಲ್ಲ ಸಿರಿವಂತರಲ್ಲ. ಪಿಂಚಣಿಯ ಹಣದಲ್ಲಿ ಕಟ್ಟಿದ ಎರಡು ಕೋಣೆಯ ಬಾಡಿಗೆಯಿಂದ ಔಷಧಿಯ ಖರ್ಚು ತೂಗಿಸುವ ಹಿರಿಯರಿದ್ದಾರೆ. ಅದಕ್ಕಾಗಿಯೇ 1999ರ ಕಾಯಿದೆ ವಿಧವೆಯರು, ಅಂಗವಿಕಲರು, 65 ದಾಟಿದ ಮಾಲೀಕರು ತಮ್ಮ ವಾಸಕ್ಕೆ ಮನೆಯನ್ನು ಬೇಗ ಮರಳಿ ಪಡೆಯಲು ಪ್ರತ್ಯೇಕ ದಾರಿ ಮಾಡಿಕೊಟ್ಟಿದೆ.

ಖರ್ಚು ಯಾರ ತಲೆಗೆ?

ಹಾಗಾದರೆ ಗೆರೆಯನ್ನೇ ಅಳಿಸಿ ಎಲ್ಲ ಮನೆಗಳನ್ನೂ ಬಿಗಿ ನಿಯಂತ್ರಣಕ್ಕೆ ತಂದರೆ ಬಾಡಿಗೆ ಇಳಿಯುತ್ತದೆಯೇ? ಮುಂಬಯಿಯ ಅನುಭವ ಹಾಗೆ ಹೇಳುವುದಿಲ್ಲ. ನಮ್ಮ ಜಿಲ್ಲೆಯಿಂದ ಹೋಟೆಲು ಕೆಲಸಕ್ಕೆಂದು ಅಲ್ಲಿಗೆ ಹೋದವರು ಇದನ್ನು ಕಣ್ಣಾರೆ ಕಂಡಿದ್ದಾರೆ. 1947ರ ಮುಂಬಯಿ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟದಲ್ಲಿ ನಿಲ್ಲಿಸಿತು. ಒಳಗಿದ್ದವರಿಗೆ ಅದು ವರವೇ. ಆದರೆ ಬರುವ ಬಾಡಿಗೆ ಸುಣ್ಣ ಬಳಿಯಲೂ ಸಾಲದೆ ಮಾಲೀಕರು ದುರಸ್ತಿ ನಿಲ್ಲಿಸಿದರು, ಕಟ್ಟಡಗಳು ಶಿಥಿಲವಾದವು. ಹೊಸಬರಿಗೆ ಮನೆ ಬೇಕೆಂದರೆ "ಪಗಡಿ" ಎಂಬ ದೊಡ್ಡ ಗಂಟನ್ನು ಮೊದಲೇ ಕೊಡಬೇಕಾಯಿತು. 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ, ಬಾಡಿಗೆಯನ್ನು ಹೀಗೆ ಕಾಲಾಂತರ ನಿಲ್ಲಿಸಿಡುವುದು ನ್ಯಾಯವಲ್ಲವೆಂದಿತು. ಅನಂತರ ಬಂದ ಮಹಾರಾಷ್ಟ್ರದ ಹೊಸ ಕಾಯಿದೆ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಏರಿಕೆಗೆ ಅವಕಾಶ ಕೊಟ್ಟಿತು.

ಭಯದಿಂದ ಬೀಗ ಬಿದ್ದ ಮನೆಗಳ ಮಾತೂ ಇದೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಕಂಡುಬಂದ ಮನೆಗಳು ಸುಮಾರು 1 ಕೋಟಿ 11 ಲಕ್ಷ. ಎಲ್ಲಕ್ಕೂ ಬಾಡಿಗೆ ಕಾಯಿದೆಯೇ ಕಾರಣವಲ್ಲ. ಆದರೆ ಒಮ್ಮೆ ಕೊಟ್ಟರೆ ಮರಳಿ ಸಿಗದೆಂಬ ಹೆದರಿಕೆ ಒಂದು ಕಾರಣ. ಖಾಲಿ ಮನೆ ಹೆಚ್ಚಿದಷ್ಟೂ ಸಿಗುವ ಮನೆಗೆ ಬಾಡಿಗೆ ಹೆಚ್ಚು.

ಗೆರೆಯಿರುವ ಕಾಯಿದೆ ಇನ್ನೊಂದು ರೀತಿಯಲ್ಲಿ ಖರ್ಚನ್ನು ಏರಿಸುತ್ತದೆ. 1,900ಕ್ಕೆ ಕೊಟ್ಟರೆ ಕಾಯಿದೆಯ ತೊಡಕು, 2,100ಕ್ಕೆ ಕೊಟ್ಟರೆ ತೊಡಕಿಲ್ಲ ಎಂದಾದರೆ ಮಾಲೀಕ ಯಾವುದನ್ನು ಆರಿಸಿಕೊಳ್ಳುತ್ತಾನೆ? ಗೆರೆಯ ಆಚೆಗೆ ಬಾಡಿಗೆಗೂ ಮುಂಗಡಕ್ಕೂ ಮಿತಿಯಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿ ಬೆಳೆದದ್ದು ಹೀಗೆ. ತಿಂಗಳಿಗೆ 8,000ದ ಮನೆಗೆ ಹತ್ತು ತಿಂಗಳೆಂದರೆ 80,000 ರೂಪಾಯಿ. ಅದನ್ನು ಬಡ್ಡಿಗೆ ತಂದವರಿಗೆ ಆ ಬಡ್ಡಿಯೂ ಬಾಡಿಗೆಯೇ. ಕೇಂದ್ರ ಸರ್ಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಬಾಡಿಗೆಯ ಮೊತ್ತದ ಗೆರೆಯೇ ಇಲ್ಲ. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು, ಕರಾರು ಲಿಖಿತವಾಗಿರಲೇಬೇಕು ಎಂದಿದೆ. ಬಾಡಿಗೆ ಎಷ್ಟೆಂಬುದನ್ನು ಮಾತ್ರ ಅದು ಇಬ್ಬರ ಒಪ್ಪಂದಕ್ಕೆ ಬಿಟ್ಟಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಶಾಸನಸಭೆ ಒಪ್ಪಿ ಕಾನೂನು ಮಾಡಿದರಷ್ಟೇ ಅದಕ್ಕೆ ಬಲ.

ಗೇಣಿ ಬೇರೆ, ಬಾಡಿಗೆ ಬೇರೆ

ನಮ್ಮ ಕಡೆಯ ಮಾಲೀಕರಲ್ಲಿ ಇನ್ನೊಂದು ಹೆದರಿಕೆ ಇದೆ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಚಾಲಗೇಣಿಯ ಒಕ್ಕಲುಗಳು 7ನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ದಕ್ಷಿಣ ಕನ್ನಡದಲ್ಲಿ ಈ ಬದಲಾವಣೆ ಮನೆ ಮನೆಯನ್ನೂ ಮುಟ್ಟಿತು. ಅದನ್ನು ಕಂಡವರು "ಬಾಡಿಗೆದಾರನನ್ನು ಬಹಳ ಕಾಲ ಇಟ್ಟುಕೊಂಡರೆ ಮನೆಯೂ ಅವನದೇ ಆಗುತ್ತದೆ" ಎಂದು ಭಾವಿಸುತ್ತಾರೆ. ಹನ್ನೊಂದು ತಿಂಗಳಿಗೊಮ್ಮೆ ಎಬ್ಬಿಸುತ್ತಾರೆ.

ಈ ಭಯಕ್ಕೆ ಆಧಾರವಿಲ್ಲ. ಆ ಕಾನೂನು ಕೃಷಿ ಭೂಮಿಯ ಗೇಣಿಗೆ ಸಂಬಂಧಿಸಿದ್ದು. ಪೇಟೆಯ ಮನೆ, ಅಂಗಡಿಗಳ ಬಾಡಿಗೆಗೆ ಅದು ತಾಗುವುದಿಲ್ಲ. ಬಾಡಿಗೆದಾರನಾಗಿ ಒಳಗೆ ಬಂದವನು, ಬಾಡಿಗೆ ಸಂಬಂಧ ಇರುವ ತನಕ, ಬಾಡಿಗೆ ಆರಂಭವಾದಾಗ ಮಾಲೀಕನಿಗಿದ್ದ ಹಕ್ಕನ್ನು ಅಲ್ಲಗಳೆಯುವಂತಿಲ್ಲ. ಈ ನಿಯಮ 1872ರ ಸಾಕ್ಷ್ಯ ಕಾಯಿದೆಯಲ್ಲಿ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಹನ್ನೆರಡು ವರ್ಷ ಬಾಡಿಗೆ ಕೊಟ್ಟು ಕೂತರೆ ಮನೆ ಸ್ವಂತವಾಗುತ್ತದೆ ಎಂಬುದು ಕಟ್ಟುಕತೆ.

ಗೆರೆಯ ಹೊರಗಿರುವವರಿಗೆ ಏನಿದೆ?

ಇಷ್ಟರಿಂದ ಒಂದು ಮಾತು ಸ್ಪಷ್ಟ. ಇಂದಿನ ಹೆಚ್ಚಿನ ಬಾಡಿಗೆದಾರರನ್ನು ಬಾಡಿಗೆ ಕಾಯಿದೆ ಕಾಯುವುದಿಲ್ಲ. ಅವರನ್ನು ಕಾಯುವುದು ಅವರ ಕೈಯಲ್ಲಿರುವ ಕರಾರು ಮತ್ತು ಸಾಮಾನ್ಯ ಕಾನೂನು. ಸಾಮಾನ್ಯ ಕಾನೂನು ಕೊಡುವುದು ಕಡಿಮೆ, ಆದರೆ ಸೊನ್ನೆಯಲ್ಲ.

ಬೀಗ ಹಾಕುವಂತಿಲ್ಲ. ನೋಟೀಸಿನ ಅವಧಿ ಮುಗಿದರೂ ಬಾಡಿಗೆದಾರ ಬಿಡದಿದ್ದರೆ ಮಾಲೀಕ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಸಾಮಾನು ಹೊರಗೆಸೆದು ಬಲವಂತವಾಗಿ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಪ್ರಕರಣದಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಆ ದಾವೆಯಲ್ಲಿ ಮನೆ ಯಾರದೆಂಬ ಪ್ರಶ್ನೆ ಏಳುವುದಿಲ್ಲ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೇ ಎಂಬುದಷ್ಟೇ ಪ್ರಶ್ನೆ.

ಬಾಡಿಗೆಯನ್ನು ನಡುವೆ ಏರಿಸುವಂತಿಲ್ಲ. ಕರಾರಿನ ಅವಧಿ ಮುಗಿಯುವ ತನಕ ಬರೆದ ಬಾಡಿಗೆಯೇ ಬಾಡಿಗೆ. ಅವಧಿ ಮುಗಿದ ಮೇಲೂ ಮಾಲೀಕ ಬಾಡಿಗೆ ಪಡೆಯುತ್ತ ಹೋದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ.

ಮಾಡು ಸೋರಿದರೆ ದಾರಿ ಇದೆ. ಆಟಿಯ ಮಳೆಗೆ ಹಂಚು ಜಾರಿ ಒಳಗೆಲ್ಲ ನೀರು. ಮಾಲೀಕರಿಗೆ ಹೇಳಿದರೆ "ನೋಡೋಣ" ಎನ್ನುತ್ತಾರೆ. ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಪ್ರಕರಣ ಹೀಗೆನ್ನುತ್ತದೆ: ಮಾಲೀಕ ಮಾಡಲೇಬೇಕಾದ ದುರಸ್ತಿಯನ್ನು, ನೋಟೀಸು ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. "ಮಾಡಲೇಬೇಕಾದ" ಎಂಬ ಪದವನ್ನು ಗಮನಿಸಿ. ಮಾಡಿನ ದುರಸ್ತಿ ಯಾರದು ಎಂದು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಈ ಹಕ್ಕು ಗಟ್ಟಿ. ಗಾಳಿಮಳೆ, ನೆರೆ, ಬೆಂಕಿಯಿಂದ ಮನೆ ವಾಸಕ್ಕೆ ಯೋಗ್ಯವಲ್ಲದಂತೆ ಹಾಳಾದರೆ, ಬಾಡಿಗೆಯನ್ನು ಅಲ್ಲಿಗೇ ಮುಗಿಸುವ ಆಯ್ಕೆಯೂ ಬಾಡಿಗೆದಾರನಿಗೆ ಇದೆ.

ಕರೆಂಟಿನ ವಿಷಯ. 2003ರ ವಿದ್ಯುಚ್ಛಕ್ತಿ ಕಾಯಿದೆ ಮಾಲೀಕರಿಗೆ ಮಾತ್ರವಲ್ಲ, ವಾಸವಿರುವವರಿಗೂ ಸಂಪರ್ಕ ಕೇಳುವ ಹಕ್ಕು ಕೊಟ್ಟಿದೆ. ತಂತಿ ಕಿತ್ತು ಮನೆ ಬಿಡಿಸುವ ಉಪಾಯಕ್ಕೆ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು.

ಹನ್ನೊಂದು ತಿಂಗಳ ಕಾಗದ

ಎಲ್ಲರೂ ಹನ್ನೊಂದು ತಿಂಗಳಿಗೇ ಏಕೆ ಬರೆಸುತ್ತಾರೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಲು ಹನ್ನೊಂದು ತಿಂಗಳು. ಇದರಲ್ಲಿ ತಪ್ಪೇನಿಲ್ಲ. ತಪ್ಪಾಗುವುದು ಬೇರೆ ಕಡೆ. ಅಂಗಡಿಗೆ ಲಕ್ಷಗಟ್ಟಲೆ ಸುರಿದು ಕಪಾಟು, ಶಟರು ಮಾಡಿಸುವವರು "ಮೂರು ವರ್ಷ" ಎಂದು ಸಾದಾ ಸ್ಟಾಂಪು ಕಾಗದದಲ್ಲಿ ಬರೆಸಿ, ನೋಂದಣಿ ಮಾಡಿಸದೆ ನಿಶ್ಚಿಂತರಾಗುತ್ತಾರೆ. ಆ ಮೂರು ವರ್ಷದ ಷರತ್ತನ್ನು ನ್ಯಾಯಾಲಯದಲ್ಲಿ ಪುರಾವೆಯಾಗಿ ನಿಲ್ಲಿಸಲಾಗುವುದಿಲ್ಲ. ಆಗ ಅದು ತಿಂಗಳ ಬಾಡಿಗೆ. 15 ದಿನದ ನೋಟೀಸು ಸಾಕು. ಸ್ಟಾಂಪು ಶುಲ್ಕ ಕಡಿಮೆ ಕಟ್ಟಿದ್ದರೆ ಅದನ್ನೂ, ಅದರ ಹತ್ತು ಪಟ್ಟಿನ ತನಕ ದಂಡವನ್ನೂ ಕಟ್ಟುವವರೆಗೆ ಕಾಗದವನ್ನೇ ಸ್ವೀಕರಿಸುವುದಿಲ್ಲ. ಅಂಗಡಿಗೆ ಹಣ ಹಾಕುವವರು ನೋಂದಣಿಯ ಖರ್ಚನ್ನು ಉಳಿಸಬಾರದು.

ಕರಾರಿಗೆ ಸಹಿ ಹಾಕುವ ಮೊದಲು ಈ ಆರು ವಿಷಯಗಳು ಅದರಲ್ಲಿವೆಯೇ ನೋಡಿ:

1. ಬಾಡಿಗೆ ಎಷ್ಟು, ಯಾವ ತಾರೀಕಿಗೆ, ಏರಿಕೆ ಯಾವಾಗ ಮತ್ತು ಎಷ್ಟು.

2. ಮುಂಗಡ ಎಷ್ಟು, ಮನೆ ಬಿಟ್ಟ ಎಷ್ಟು ದಿನದೊಳಗೆ ವಾಪಸು, ಯಾವ ಕಾರಣಕ್ಕೆ ಮುರಿಯಬಹುದು.

3. ಬಿಡುವ ಅಥವಾ ಬಿಡಿಸುವ ಮೊದಲು ಕೊಡಬೇಕಾದ ನೋಟೀಸಿನ ಅವಧಿ. 15 ದಿನವೆಂಬುದು ಬೇರೆ ಒಪ್ಪಂದವಿಲ್ಲದಾಗ ಮಾತ್ರ. ಎರಡು ಅಥವಾ ಮೂರು ತಿಂಗಳೆಂದು ಬರೆಸಿದರೆ ಅದಕ್ಕೇ ಬೆಲೆ.

4. ಮಾಡು, ಗೋಡೆ, ಬಾವಿ, ಪಂಪುಗಳ ದುರಸ್ತಿ ಯಾರದು, ಸುಣ್ಣಬಣ್ಣ ಯಾರದು.

5. ಕರೆಂಟು, ನೀರು, ಪಂಚಾಯತು ತೆರಿಗೆ ಯಾರು ಕಟ್ಟಬೇಕು, ಮೀಟರು ಪ್ರತ್ಯೇಕವೇ.

6. ಕರಾರಿನಲ್ಲಿ ಗಂಡ, ಹೆಂಡತಿ ಇಬ್ಬರ ಹೆಸರೂ ಇದೆಯೇ. ಬಾಡಿಗೆ ಹಿಡಿದವರಲ್ಲಿ ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಹೊಸಬರಂತೆ ಬಾಗಿಲಲ್ಲಿ ನಿಲ್ಲಬೇಕಾಗುವುದಿಲ್ಲ.

ಇದರೊಂದಿಗೆ ಪ್ರತಿ ತಿಂಗಳೂ ರಶೀದಿ ಕೇಳಿ ಪಡೆಯಿರಿ. ಬ್ಯಾಂಕು ಅಥವಾ ಮೊಬೈಲಿನ ಮೂಲಕ ಕಟ್ಟಿದರೆ ದಾಖಲೆ ತಾನೇ ಉಳಿಯುತ್ತದೆ. ಬಾಡಿಗೆ ಸಂಬಂಧವೇ ಇಲ್ಲವೆಂದು ಒಬ್ಬರು ವಾದಿಸಿದಾಗ ನ್ಯಾಯಾಲಯ ಮೊದಲು ಕೇಳುವುದು ಕರಾರು ಅಥವಾ ರಶೀದಿಯನ್ನೇ. ಪರಿಚಯದವರು, ನೆಂಟರು ಎಂಬ ದಾಕ್ಷಿಣ್ಯಕ್ಕೆ ಬಾಯಿ ಮಾತಿನಲ್ಲೇ ಮುಗಿಸುವುದು ನಮ್ಮ ಊರುಗಳ ಪದ್ಧತಿ. ಬರೆದಿಟ್ಟರೆ ನೆಂಟಸ್ತನ ಕೆಡುವುದಿಲ್ಲ. ಬರೆಯದೆ ಇದ್ದು ಕೆಟ್ಟ ನೆಂಟಸ್ತನಗಳೇ ಹೆಚ್ಚು.

ತಗಾದೆ ಬಂದರೆ ನೇರ ಕೋರ್ಟಿಗೇ ಓಡಬೇಕೆಂದಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಉಳಿದವರಿಗೆ ವರಮಾನದ ಮಿತಿಗೆ ಒಳಪಟ್ಟು ಸಿಗುತ್ತದೆ. ಕಾನೂನು ನೆರವಿನ ದೂರವಾಣಿ ಸಂಖ್ಯೆ 15100.

ಗೆರೆಯನ್ನು ಬದಲಿಸಬೇಕೇ, ಅಳಿಸಬೇಕೇ, ಬೆಲೆಯೇರಿಕೆಯೊಡನೆ ತಾನಾಗಿ ಏರುವಂತೆ ಮಾಡಬೇಕೇ ಎಂಬುದನ್ನು ಶಾಸನಸಭೆ ತೀರ್ಮಾನಿಸಬೇಕು. ನಿಮ್ಮ ಪ್ರತಿನಿಧಿಗಳಲ್ಲಿ ಅದನ್ನು ಕೇಳುವ ಹಕ್ಕು ನಿಮಗಿದೆ. ಆ ದಿನ ಬರುವ ತನಕ, ನಿಮ್ಮ ಮನೆಯ ಕರಾರಿನ ಕಾಗದವನ್ನು ಕಪಾಟಿನಿಂದ ಹೊರತೆಗೆದು, ಮೇಲೆ ಹೇಳಿದ ಆರು ವಿಷಯಗಳನ್ನು ಒಂದೊಂದಾಗಿ ಹುಡುಕಿ ನೋಡಿ. ಇಲ್ಲದ್ದನ್ನು ಮುಂದಿನ ಸಲ ಕರಾರು ನವೀಕರಿಸುವಾಗ ಸೇರಿಸಿ. ಬಾಡಿಗೆದಾರರಿಗೂ ಮಾಲೀಕರಿಗೂ ಇದರಿಂದ ಲಾಭವೇ ಹೊರತು ನಷ್ಟವಿಲ್ಲ.